ಗುಲಾಬಿ ಚಿಂದಿ ಕಟ್ಟಿದ ಡಬ್ಬಿ

ಉಡಚಮ್ಮನನ್ನು ನಾನು ಮೊದಲು ಕಂಡದ್ದು ನನ್ನ ಮನೆಯ ಅಂಗಳದಲ್ಲಿ, ಆಕೆ ನನ್ನದೇ ನೀರಿನ ಡ್ರಮ್ಮನ್ನು ಉರುಳಿಸುತ್ತಿದ್ದಾಗ. ನಾನು ನಿವೃತ್ತನಾಗಿ ನವಲಿಗೆ ಬಂದು ತಿಂಗಳೂ ಆಗಿರಲಿಲ್ಲ. ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ಬೇಸಿಗೆ ಅದು.

"ಏ ಯವ್ವಾ, ಏನ್ ಮಾಡಾಕತ್ತಿ?" ಎಂದು ಓಡಿಬಂದೆ.

"ನಿಮ್ಮ ಮನ್ಯಾಗ ಸೊಳ್ಳಿ ಹುಟ್ಟಾಕತ್ತಾವ ಮಾಸ್ತರ್ರ, ಬಗ್ಗಿ ನೋಡ್ರಿ. ನಿಮ್ಮ ಸಾಲ್ಯಾಗೂ ಇಷ್ಟು ಹುಡುಗ್ರು ಇದ್ದಿರಲಿಕ್ಕಿಲ್ಲ."

ಬಗ್ಗಿ ನೋಡಿದೆ. ನೂಲಿನ ತುಣುಕಿನಂಥ ಹುಳಗಳು ನೀರಿನಲ್ಲಿ ಕುಣಿಯುತ್ತಿದ್ದವು. ಡ್ರಮ್ಮಿನ ಇನ್ನೊಂದು ಅಂಚು ಹಿಡಿದೆ.

ಆಕೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಕೈಯಲ್ಲಿ ಬ್ಯಾಟರಿ ದೀಪ. ಗಂಡ ಓಬಳೆಪ್ಪ ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಾನೆ. ಶುಕ್ರವಾರ ಮನೆ ಸಾರಿಸಿ ತೊಳೆಯುವುದು ಇಲ್ಲಿಯ ಹೆಂಗಸರ ರೂಢಿ. ಆ ರೂಢಿಗೆ ಉಡಚಮ್ಮ ಇನ್ನೊಂದನ್ನು ಸೇರಿಸಿದ್ದಳು: ಅಂದೇ ನೀರಿನ ಹರವಿ, ಡ್ರಮ್, ಕೋಳಿಗೆ ನೀರಿಡುವ ಬೋಗುಣಿ, ಎಲ್ಲವನ್ನೂ ಬರಿದು ಮಾಡಿ, ತಿಕ್ಕಿ, ಬೋರಲು ಹಾಕಬೇಕು. ವರ್ಷಗಟ್ಟಲೆ ಬೈದು, ನಗಿಸಿ, ಕೈಹಿಡಿದು ಕಲಿಸಿದ್ದಳು.

ಆದರೂ ಮೂರು ವರ್ಷದ ಹಿಂದೆ ಆಕೆಯ ಮಗಳು ಹೇಮಾವತಿಗೇ ಡೆಂಗಿ ಬಂತು. ಗಂಗಾವತಿಯ ಆಸ್ಪತ್ರೆಯಲ್ಲಿ ಹುಡುಗಿ ಉಳಿದುಕೊಂಡಳು. ಇನ್ನೊಮ್ಮೆ ಬಂದರೆ ಹೆಚ್ಚು ಅಪಾಯವಾಗಬಹುದು ಎಂದು ಡಾಕ್ಟರು ಹೇಳಿದ ಮಾತು ತಾಯಿಯ ಎದೆಯಲ್ಲಿ ಕುಳಿತುಬಿಟ್ಟಿತು.

ಹೋದ ವರ್ಷ ಊರಿಗೆ ಒಂದು ಸಂಶೋಧನಾ ತಂಡ ಬಂತು. ಅವರು ವಿವರಿಸಿದ್ದು ಇಷ್ಟು. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಎಷ್ಟೋ ಹುಳಹುಪ್ಪಟೆಗಳ ಮೈಯೊಳಗೆ ತಾನಾಗಿ ಬಾಳಿಕೊಂಡಿರುತ್ತದೆ. ಡೆಂಗಿ ಹರಡುವ ಸೊಳ್ಳೆಯಲ್ಲಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಸೇರಿಸಿದರೆ ಆ ಸೊಳ್ಳೆಯೊಳಗೆ ಡೆಂಗಿಯ ವೈರಾಣು ಸುಲಭವಾಗಿ ಬೆಳೆಯಲಾರದು. ತಾಯಿ ಸೊಳ್ಳೆಯಿಂದ ಮೊಟ್ಟೆಗೆ ಇಳಿದು, ಪೀಳಿಗೆಯಿಂದ ಪೀಳಿಗೆಗೆ ಅದು ಸಾಗುತ್ತದೆ. ಅಂಥ ಮೊಟ್ಟೆಗಳನ್ನು ಹಾಕಿದ ನೀರಿನ ಡಬ್ಬಿಗಳನ್ನು ಮನೆಮನೆಯ ನೆರಳಿನಲ್ಲಿ ತೂಗುಹಾಕಬೇಕು. ಒಂದೆರಡು ವಾರದಲ್ಲಿ ಮುಚ್ಚಳದ ತೂತುಗಳಿಂದ ಸೊಳ್ಳೆಗಳು ಹೊರಬರುತ್ತವೆ. ಉಡಚಮ್ಮ ತಾನೇ ಮುಂದೆ ನಿಂತು ಬುಧವಾರ ಡಬ್ಬಿ ಹಂಚಿಸಿದಳು.

ಶುಕ್ರವಾರ ಆಕೆ ಬಸುರಿಯೊಬ್ಬಳನ್ನು ಹೆರಿಗೆಗೆಂದು ಕನಕಗಿರಿಗೆ ಕರೆದೊಯ್ದಿದ್ದಳು. ಸಂಜೆ ಬಂದು ನೋಡಿದರೆ ಓಣಿಯ ಡಬ್ಬಿಗಳೆಲ್ಲ ತೊಳೆದು, ಲಕಲಕ ಹೊಳೆಯುತ್ತ, ಬೋರಲು ಬಿದ್ದಿದ್ದವು.

"ನೀ ಕಲಿಸೀದಿ, ನಾವು ಮಾಡೀವಿ. ಹುಳ ಕಂಡ್ರ ಚೆಲ್ಲು ಅಂದಾಕಿ ಯಾರು?" ಎಂದಳು ಎದುರುಮನೆಯ ಸರ್ದಾರಬೀ.

ತಂಡದವರು ಇನ್ನೊಂದು ಸಲ ಡಬ್ಬಿ ಕೊಡಲು ಒಪ್ಪಿದರು. ಅದೂ ಹಾಳಾದರೆ ಬೇರೆ ಊರು ನೋಡಿಕೊಳ್ಳುತ್ತೇವೆ ಎಂದರು. ಉಡಚಮ್ಮ ಮರುದಿನವೇ ನನ್ನ ಮನೆಯ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿದಳು.

"ಇಷ್ಟು ವರ್ಷ ಸೊಳ್ಳಿ ಕೊಲ್ಲು ಅಂದಿ, ಈಗ ಅದನ್ನ ಸಾಕಿ ಬೆಳಸು ಅಂತಿ. ತಲಿ ನೆಟ್ಟಗೈತೇನ?" ಸರ್ದಾರಬೀ ಕೆಣಕಿದಳು.

"ಹಾಲಿಗೆ ಹೆಪ್ಪು ಹಾಕ್ತಿಯಲ್ಲಕ್ಕಾ? ಇವತ್ತಿನ ಮೊಸರಾಗಿಂದು ಒಂದ್ ಚಮಚ ತಗದು ನಾಳಿನ ಹಾಲಿಗೆ. ಇದೂ ಹಂಗ. ಇವು ಇಲ್ಲೀ ಸೊಳ್ಳಿ ಜೋಡಿ ಕೂಡಿ, ಓಣಿ ತುಂಬ ಇದೇ ಸಂತಾನ ಆಗಬೇಕು. ಡಬ್ಬಿ ಚೆಲ್ಲಿದ್ರ ಹೆಪ್ಪು ಚೆಲ್ಲಿದಂಗ."

"ಮತ್ತ ಇವು ಕಚ್ಚಂಗಿಲ್ಲೇನ?"

"ಹೆಣ್ಣು ಕಚ್ಚತಾವ. ಸುಳ್ಳ್ಯಾಕ ಹೇಳ್ಲಿ?"

"ಹಂಗಾರ ಮೊದಲ ನಿನ್ನ ಮಗಳಿಗೆ ಕಚ್ಚಿಸು!"

ಹೆಂಗಸರೆಲ್ಲ ಸರ್ದಾರಬೀಯತ್ತ ತಿರುಗಿದರು. ಸರ್ದಾರಬೀಗೂ ತಾನಾಡಿದ್ದು ಹೆಚ್ಚಾಯಿತು ಅನ್ನಿಸಿರಬೇಕು, ಸೆರಗು ಎಳೆದುಕೊಂಡಳು. ಉಡಚಮ್ಮ ಎದ್ದು ನಿಂತಳು.

"ಆತು. ಮೊದಲನೇ ಡಬ್ಬಿ ನಮ್ಮ ಹೇಮಾ ಮಲಗೋ ಕ್ವಾಣ್ಯಾಗ ಕಟ್ಟತೀನಿ. ಬಂದು ನೋಡ್ರಿ."

ಹೇಳಿದಂತೆಯೇ ಕಟ್ಟಿದಳು. ಸರ್ದಾರಬೀ ಹೋಗಿ ನೋಡಿ, ಬರುವಾಗ ತನ್ನ ಮನೆಗೂ ಒಂದು ಡಬ್ಬಿ ಕೇಳಿ ತಂದಳು.

ಆದರೆ ಕೈಗೆ ಹತ್ತಿದ ರೂಢಿಯನ್ನು ಮಾತಿನಿಂದ ತಡೆಯಲಾಗದೆಂದು ಉಡಚಮ್ಮನಿಗೆ ಈಗ ತಿಳಿದಿತ್ತು. ತನ್ನ ಹಳೆಯ ಗುಲಾಬಿ ಸೀರೆಯನ್ನು ಹರಿದು, ಒಂದೊಂದು ಡಬ್ಬಿಗೂ ಒಂದೊಂದು ಚಿಂದಿ ಕಟ್ಟಿದಳು. ಶುಕ್ರವಾರ ಬೆಳಕು ಹರಿಯುತ್ತಲೇ ಓಣಿ ಸುತ್ತಿದಳು. "ಚಿಂದಿ ಇದ್ದದ್ದು ಮುಟ್ಟಬ್ಯಾಡ್ರಿ, ಉಳಿದದ್ದೆಲ್ಲಾ ಬೋರಲ ಹಾಕ್ರಿ!"

ಸರ್ದಾರಬೀಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಸೊಸೆಗೆ ಬೈಗುಳ ಕೇಳಿಸಿತು: "ಏ ಗುಲ್ಶನ, ಚಿಂದಿ ಕಾಣಂಗಿಲ್ಲೇನ? ತಗಿ ಕೈ!" ಉಡಚಮ್ಮ ಆ ಮನೆಯ ಬಾಗಿಲು ತಟ್ಟದೆ ಮುಂದೆ ನಡೆದಳು.

ಆ ಸಲದ ಡಬ್ಬಿಗಳು ಉಳಿದವು, ತಂಡವೂ ಉಳಿಯಿತು. ಈಗ ಡಬ್ಬಿ ಇಡುವ ಕೆಲಸ ಮುಗಿದು, ಸೊಳ್ಳೆ ಹಿಡಿಯುವ ಬಲೆಗಳನ್ನು ಅಲ್ಲಲ್ಲಿ ಇಟ್ಟಿದ್ದಾರೆ. ಸಿಕ್ಕ ಸೊಳ್ಳೆಗಳಲ್ಲಿ ಎಷ್ಟರೊಳಗೆ ಆ ಬ್ಯಾಕ್ಟೀರಿಯಾ ನೆಲೆಸಿದೆ ಎಂದು ಪರೀಕ್ಷೆ ಮಾಡುತ್ತಾರೆ. ಅದು ಹೆಚ್ಚುತ್ತಿದೆಯಂತೆ. ಡೆಂಗಿ ಇಳಿಯಿತೇ ಎಂದು ಹೇಳಲು ಇನ್ನೂ ಕೆಲವು ಮಳೆಗಾಲ ಕಳೆಯಬೇಕು.

ವಾರಕ್ಕೊಮ್ಮೆ ಬಲೆ ಬಿಚ್ಚಿ, ಸೊಳ್ಳೆಗಳನ್ನು ಸಣ್ಣ ಸೀಸೆಗಳಿಗೆ ತುಂಬಿ ಕಳಿಸುವವಳು ಉಡಚಮ್ಮನೇ. ನಮ್ಮ ಅಂಗಳಕ್ಕೆ ಬಂದಾಗ, ಡ್ರಮ್ ತೊಳೆದಿದ್ದೇನೆ ಎಂದರೂ ಬ್ಯಾಟರಿ ಬೆಳಕು ಬಿಟ್ಟು ಒಳಗೆ ಇಣುಕದೆ ಹೋಗುವುದಿಲ್ಲ. ಎಲ್ಲಕ್ಕಿಂತ ಮೊದಲು ಆಕೆ ಬಿಚ್ಚುವುದು ಹೇಮಾವತಿಯ ಕೋಣೆಯ ಬಲೆಯನ್ನು.