ತಲೆ ಬಗ್ಗಿಸಲು ಕಲಿಸಿದ ಕಂಪ್ಯೂಟರ್ ಮಾಸ್ತರರು

ನಮ್ಮ ಕಂಪ್ಯೂಟರ್ ಮಾಸ್ತರರ ಅಂಗಿಯ ಜೇಬಿನಲ್ಲಿ ಪೆನ್ನಿರಲಿಲ್ಲ, ಬಾಗಿಲಿಗೆ ಬಣ್ಣ ಹಚ್ಚುವ ಕುಂಚವಿರುತ್ತಿತ್ತು. ಅದರಿಂದ ಕೀಬೋರ್ಡಿನ ಧೂಳು ಕೊಡವುವರು, ಅದರಿಂದಲೇ ತಮ್ಮ ಹುಬ್ಬನ್ನೂ. ಸಿಮೆಂಟು ಕಾರ್ಖಾನೆಯ ನಮ್ಮೂರು ವಾಡಿಯ ಧೂಳು ಎರಡನ್ನೂ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಅವರು ಕ್ಲಾಸು ತೆರೆದರು. ಬಂದ ದಿನವೇ, "ಅಕ್ಕೋರ, ಈ ಕಿಡಕಿ ಇಟ್ಟಂಗಿ ಇಟ್ಟು ಮುಚ್ಚಬೇಕ್ರಿ. ಧೂಳ ಹೊಕ್ಕರ ಮಷಿನ್ ಕೆಡ್ತಾವ" ಎಂದರು.

ನಡುಮನೆಯಲ್ಲಿ ಹಗ್ಗದ ಹೊರಸು ಹಿಡಿದು ಮಲಗಿದ್ದ ನಮ್ಮ ಅತ್ತೆಗೆ ಎದುರಿನ ಹನುಮಪ್ಪನ ಗುಡಿಯ ಆರತಿ ಕಾಣುತ್ತಿದ್ದುದು ನಡುಬಾಗಿಲಿನಾಚೆಯ ಆ ಕಿಟಕಿಯಿಂದಲೇ. ಕಾಲು ಹೋದ ಮೇಲೆ ಅವರಿಗೆ ಉಳಿದಿದ್ದ ಗುಡಿ ಅಷ್ಟೇ.

"ನನ್ನೂ ಅದರಾಗ ಇಟ್ಟು ಮುಚ್ರಿ!" ಒಳಗಿನಿಂದ ಅತ್ತೆಯ ದನಿ ಬಂತು.

ಮಾಸ್ತರರು ಒಳಗೆ ಬಂದು, ಹೊರಸಿನ ಪಕ್ಕ ಮೊಣಕಾಲೂರಿ, ಅತ್ತೆಯ ದಿಂಬಿನ ಸಮಕ್ಕೆ ತಲೆಯಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. "ಹೌದಲ್ರೀ ಅವ್ವಾರ, ದೀಪ ಕಾಣ್ತದ." ಮರುದಿನ ತಾವೇ ಕಿಟಕಿಗೆ ಗಾಜು ಕೂಡ್ರಿಸಿ, ಸಂದಿಗೆಲ್ಲ ಪುಟ್ಟಿ ಮೆತ್ತಿದರು.

ಧೂಳು ನಿಂತಿತು. ಆದರೆ ಕಿಟಕಿಯ ಕೆಳಗೆ ಸಾಲಾಗಿ ಕೂತ ಹುಡುಗರ ತಲೆಗಳು ಅಡ್ಡ ಬಂದವು. ಅದಕ್ಕೂ ಅವರಲ್ಲಿ ಉಪಾಯವಿತ್ತು. ಸಂಜೆ ಗುಡಿಯ ಗಂಟೆ ಬಾರಿಸಿದೊಡನೆ, "ತಲಿ ಬಗ್ಗಸ್ರೋ! ಅವ್ವಾರು ದೀಪ ನೋಡ್ಲಿಕತ್ತಾರ" ಎಂದು ಕೂಗುವರು. ಇಡೀ ಕ್ಲಾಸು ಕೀಬೋರ್ಡಿಗೆ ಹಣೆ ಹಚ್ಚುತ್ತಿತ್ತು. ಗಾಜಿನಲ್ಲಿ ಇದನ್ನು ಕಂಡ ದಾರಿಹೋಕರು, ಕಂಪ್ಯೂಟರಿಗೆ ಕೈಮುಗಿಯದೆ ಅದು ಚಾಲೂ ಆಗುವುದಿಲ್ಲವೆಂದೇ ನಂಬಿದರು. ಶಹಾಬಾದಿನಿಂದ ಮಗನನ್ನು ಸೇರಿಸಲು ಬಂದ ತಂದೆಯೊಬ್ಬರು ತೆಂಗಿನಕಾಯಿಯನ್ನೇ ತಂದಿದ್ದರು.

"ಒಡೀರಿ, ಆದ್ರ ಹೊರಗ ಒಡೀರಿ. ನೀರ ಸಿಡದ್ರ ಮಷಿನ್ ಸತ್ತು ಹೋಗ್ತದ" ಎಂದರು ಮಾಸ್ತರರು. ದೇವರ ದಯೆ, ಅಂದಿನ ಚಟ್ನಿಗೆ ಕಾಯಿ ಸಿಕ್ಕಿತು.

ಒಮ್ಮೆ ಹುಡುಗಿಯೊಬ್ಬಳು, "ಸರ, ಆಪರೇಟಿಂಗ್ ಸಿಸ್ಟಮ್ ಅಂದ್ರ ಏನ್ರಿ?" ಎಂದಳು. ಮಾಸ್ತರರು ಕುಂಚದಿಂದ ಹೊರಸಿನತ್ತ ತೋರಿಸಿದರು. "ಅವ್ವಾರನ್ನ ನೋಡು. ಎದ್ದು ಓಡಾಡಂಗಿಲ್ಲ. ಆದ್ರ ಅವರು ಹೇಳ್ದೆ ಈ ಮನ್ಯಾಗ ಒಂದು ಚಮಚಾ ಅಳ್ಳಾಡಂಗಿಲ್ಲ."

"ಏ ಮಾಸ್ತರಾ, ಕಾಲು ಹೋಗ್ಯಾವ, ಕಿವಿ ಹೋಗಿಲ್ಲ!" ಅತ್ತೆ ಗದರಿದರು. ಅಂದು ಮಾತ್ರ ಮಾಸ್ತರರ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕೆಂದು ನನಗೆ ಸನ್ನೆ ಮಾಡಿದರು.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ಕ್ಲಾಸು ಮತ್ತೆ ಆರಂಭವಾದ ಸಂಜೆ ಗಂಟೆ ಬಾರಿಸಿತು. "ತಲಿ ಬಗ್ಗಸ್ರೋ!" ಎಂಬ ಕೂಗೂ ಕೇಳಿತು. ಹಿಟ್ಟಿನ ಕೈಯಲ್ಲೇ ನಡುಮನೆಗೆ ಬಂದೆ.

"ಇನ್ನ ಯಾಕ್ರಿ ಮಾಸ್ತರ? ಹೊರಸು ಖಾಲಿ ಅದ."

"ದೀಪದ ಹೊತ್ತಿಗೆ ದಿನಾ ನೀವು ಒಲಿ ಮುಂದ ಇರ್ತಿದ್ರಿ ಅಕ್ಕೋರ. ಇನ್ನ ನೀವು ಕುಂದ್ರಿ. ಲಗೂ ಕುಂದ್ರಿ, ಹುಡುಗರ ಕುತ್ತಿಗಿ ನೋಯ್ತಾವ."

ಕುಳಿತೆ. ಬಗ್ಗಿದ ತಲೆಗಳ ಮೇಲೆ, ಗಾಜಿನಾಚೆ, ಹನುಮಪ್ಪನ ದೀಪ. ಮದುವೆಯಾಗಿ ಬಂದ ಮೇಲೆ ಈ ಮನೆಯೊಳಗಿನಿಂದ ನಾನು ಆರತಿ ನೋಡಿದ್ದು ಅದೇ ಮೊದಲು.

ಮಾಸ್ತರರು ಆಮೇಲೆ ಸೇಡಂಗೆ ಹೋದರು, ಅಲ್ಲಿಂದ ದೇವರ ಹತ್ತಿರಕ್ಕೂ. ಈಗಲೂ ಗಂಟೆ ಬಾರಿಸಿದರೆ ಒಲೆ ಆರಿಸಿ ಹೊರಸಿನ ಮೇಲೆ ಕೂಡ್ರುತ್ತೇನೆ. ರೊಟ್ಟಿ ತಡವಾದರೆ ಆಗಲಿ.