ಹಗ್ಗದ ಜಡೆ

ಬಸ್ಸಿನಲ್ಲಿ ಮುಂದಿನ ಸೀಟಿನವರ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗ ನನಗೆ ಕೂತಿರಲು ಆಗುವುದಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಕಳೆದ ವಾರ ಹಾಗೆ ಎದ್ದವಳು, ನನ್ನ ಸ್ಟಾಪು ಇನ್ನೂ ದೂರವಿರುವಾಗಲೇ ಸುಂಕದಕಟ್ಟೆಯಲ್ಲಿ ಇಳಿದುಬಿಟ್ಟೆ. ನಮ್ಮ ಶೀಟಿನ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಅಂಗಡಿಯವನು “ಏನ್ ಬೇಕಿತ್ತು ಆಂಟಿ?” ಎಂದ. ಏನೂ ಇಲ್ಲವೆಂದು ಹೇಳಿ, ಆ ಬೀದಿಯಲ್ಲಿ ಎರಡು ಸಲ ಹೋಗಿ ಬಂದು, ಇನ್ನೊಂದು ಬಸ್ಸು ಹತ್ತಿದೆ.

ಆ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಪ್ರಾರ್ಥನಾ ಸಭೆ ನಡೆಸುತ್ತಿದ್ದರು. ಭಾನುವಾರ ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಉಳಿದ ದಿನ ಚಾಪೆಗಳು. ಚಾಪೆಯ ಮೇಲೆ ಯಾವಾಗಲೂ ಯಾರಾದರೂ ಮಲಗಿರುತ್ತಿದ್ದರು; ಆಸ್ಪತ್ರೆಯಿಂದ ಬಿಡುಗಡೆಯಾಗಿ, ಹೋಗಲು ಮನೆಯಿಲ್ಲದವರು. ಸಭೆಯ ಜನ ಅಪ್ಪನನ್ನು ಅಯ್ಯನವರು, ಅಮ್ಮನನ್ನು ಅಮ್ಮನವರು ಎನ್ನುತ್ತಿದ್ದರು. ಬೆಳಗಾದರೆ ಇಬ್ಬರೂ ಆಸ್ಪತ್ರೆಗೆ ಹೊರಡುತ್ತಿದ್ದರು, ಜೊತೆಗೆ ಯಾರೂ ಇಲ್ಲದ ರೋಗಿಗಳ ಬಳಿಗೆ. ಅಪ್ಪ ಗಂಡಸರಿಗೆ ಗಡ್ಡ ತೆಗೆಯುವರು, ಅಮ್ಮ ಹೆಂಗಸರ ತಲೆ ಬಾಚುವಳು. ತಿಂಗಳುಗಟ್ಟಲೆ ಮಲಗಿ ಗಂಟುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿ, ಎಳೆ ಎಳೆಯಾಗಿ ಬಿಡಿಸಿ, ಹೇನು ತೆಗೆದು, ಬಿಗಿಯಾಗಿ ಹೆಣೆಯುವಳು. ಅಪ್ಪ ಬೈಬಲ್ ತೆರೆಯಲು ಹೋದರೆ ತಡೆಯುವಳು: “ಸ್ವಲ್ಪ ತಾಳ್ರೀ. ತಲೆ ಕೆರ್ಕೊಳ್ಳೋರಿಗೆ ಏನು ಪ್ರಾರ್ಥನೆ? ಮೊದ್ಲು ಬಾಚಣಿಗೆ ಕೊಡಿ.” ಸಂಜೆ ಅವಳು ಮನೆಗೆ ಬಂದಾಗ ಕೈತುಂಬ ಆ ಎಣ್ಣೆಯ ವಾಸನೆ. ಅದು ಬೇರೆಯವರ ತಲೆಯದೆಂದು ನನಗೆ ಗೊತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಗ್ರೂಪ್ ಫೋಟೊ ತೆಗೆಯುವವರಿದ್ದರು. “ನಾಳೆ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ತೀನಿ ಕಣೇ” ಎಂದು ಅಮ್ಮ ಮಾತು ಕೊಟ್ಟಿದ್ದಳು. ಬೆಳಿಗ್ಗೆ ಎದ್ದರೆ ಅಮ್ಮನಿಲ್ಲ. ಆಪರೇಶನ್‌ಗೆ ಹೋಗಬೇಕಿದ್ದ ಸರೋಜಮ್ಮ ಎಂಬ ಹೆಂಗಸು ಹೆದರಿಕೊಂಡು, ಅಮ್ಮನವರು ಬರದೆ ಏಳುವುದಿಲ್ಲವೆಂದು ಹಟ ಹಿಡಿದಿದ್ದಳಂತೆ. ಅಳುತ್ತ ನಿಂತ ನನ್ನನ್ನು ಅಪ್ಪ ಮುಂದೆ ಕೂರಿಸಿಕೊಂಡರು. “ಊರಲ್ಲಿ ಎಷ್ಟು ಹಗ್ಗ ಹೊಸೆದೋನು ನಾನು. ಜಡೆ ಏನ್ ಮಹಾ?” ಅವರಿಗೆ ಮೂರು ಕಾಲಿನ ಜಡೆ ತಿಳಿಯದು. ಕೂದಲನ್ನು ಎರಡು ಪಾಲು ಮಾಡಿ, ಒಂದೊಂದನ್ನೂ ತಿರುಚಿ, ಒಂದರ ಮೇಲೊಂದು ಹೊಸೆದು ಹಗ್ಗವನ್ನೇ ಮಾಡಿದರು. ಶಾಲೆಯಲ್ಲಿ ಪಕ್ಕದ ಹುಡುಗಿ ಅದನ್ನು ಎತ್ತಿ ನೋಡಿ, “ಇದೇನೇ, ಎಮ್ಮೆ ಕಟ್ತೀಯಾ?” ಎಂದಳು. ಫೋಟೊ ತೆಗೆಯುವ ಹೊತ್ತಿಗೆ ಜಡೆ ಬಿಚ್ಚಿಕೊಂಡಿತ್ತು.

ಸಂಜೆ ಅಮ್ಮ ನನ್ನ ತಲೆ ನೋಡಿ ನಕ್ಕಳು. ನಾನು ಕೇಳಿದೆ, “ನಂಗೂ ಆಪರೇಶನ್ ಆದ್ರೆ ಬಾಚ್ತೀಯಾ?” ಅವಳ ನಗು ನಿಂತಿತು. ಕೈ ತೊಳೆದು ಬಂದು ಬಾಚಣಿಗೆ ಹಿಡಿದು ಕೂತಳು. ನಾನು ತಲೆ ಎಳೆದುಕೊಂಡು ಅಪ್ಪನ ಹತ್ತಿರ ಹೋದೆ. ಮರುದಿನವೂ ಹಾಗೆಯೇ ಮಾಡಿದೆ. ಎಷ್ಟೋ ದಿನ ಅವಳು ಬಾಚಣಿಗೆ ಹಿಡಿದು ಬಾಗಿಲಲ್ಲಿ ಕಾದು, ನಾನು ಪಕ್ಕದಿಂದ ನುಸುಳಿ ಹೋದ ಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಡುತ್ತಿದ್ದಳು. ಒಮ್ಮೆಯೂ ಗದರಲಿಲ್ಲ. ಕಾಲೇಜು ಸೇರಿದ ವರ್ಷ ನಾನು ಕೂದಲನ್ನೇ ಕತ್ತರಿಸಿಕೊಂಡೆ. ಇಂದಿಗೂ ಉದ್ದ ಬಿಟ್ಟಿಲ್ಲ. ಆಮೇಲೆ ನಾವು ಎಷ್ಟೋ ಮಾತಾಡಿದೆವು, ಅಪ್ಪ ಹೋದ ಮೇಲಂತೂ ದಿನವೂ ಫೋನಿನಲ್ಲಿ; ಆದರೆ ಈ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮುಂದಿನ ಸಲ ಹೋದಾಗ ಕೇಳಬೇಕು, ಕ್ಷಮಿಸು ಅನ್ನಬೇಕು ಎಂದುಕೊಳ್ಳುತ್ತ ವರ್ಷಗಳು ಕಳೆದವು.

ಅಮ್ಮ ತೀರಿಕೊಂಡ ದಿನ ನಾನು ಒಂದು ಗಳಿಗೆಯೂ ಕೂರಲಿಲ್ಲ. ಕುರ್ಚಿ ಜೋಡಿಸಿದೆ, ಬಂದವರಿಗೆ ನೀರು ಕೊಟ್ಟೆ, ಮತ್ತೆ ಕುರ್ಚಿ ಜೋಡಿಸಿದೆ. ಆಗ ಕೋಲೂರಿಕೊಂಡು ಮುದುಕಿಯೊಬ್ಬಳು ಬಂದು ನನ್ನ ಕೈ ಹಿಡಿದಳು. “ನಾನು ಸರೋಜಮ್ಮ. ಅಮ್ಮನೋರ ತಲೆ ಕೆದರಿದೆ ಮಗಾ. ಹಿಂಗೇ ಕಳಿಸ್ತೀಯಾ? ಕೂತ್ಕೊ, ಬಾಚು” ಎಂದಳು. ಸೊಂಟದ ಚೀಲದಿಂದ ತನ್ನದೇ ಬಾಚಣಿಗೆ ತೆಗೆದು ಕೊಟ್ಟಳು.

ಶವಪೆಟ್ಟಿಗೆಯ ಪಕ್ಕ ಕೂತು ಅಮ್ಮನ ಕೂದಲು ಬಾಚಿದೆ. ಹಿಡಿಯಷ್ಟೂ ಇರಲಿಲ್ಲ. ಜಡೆ ಹೆಣೆಯಲು ನನಗೆ ಬಾರದು. ಎರಡು ಪಾಲು ಮಾಡಿ ತಿರುಚಿದೆ, ಒಂದರ ಮೇಲೊಂದು ಹೊಸೆದೆ. ಸರೋಜಮ್ಮ ಬಗ್ಗಿ ನೋಡಿದಳು.

“ಇದ್ಯಾಕೆ ಹಗ್ಗದ ತರ?”

“ಅಪ್ಪ ಹೇಳ್ಕೊಟ್ಟಿದ್ದು.”

“ಅಯ್ಯನೋರಾ?” ಎಂದು ಅವಳು ಜಡೆಯನ್ನು ಮುಟ್ಟಿ ನೋಡಿದಳು. “ಬಿಟ್ರೆ ಬಿಚ್ಕೊಳುತ್ತೆ. ತಾಳು, ರಿಬ್ಬನ್ ಹುಡುಕ್ತೀನಿ.”

“ಬೇಡ, ನಾನೇ ಹಿಡ್ಕೊಂಡಿರ್ತೀನಿ” ಎಂದೆ.

ಜನ ಬಂದು ನೋಡಿ ಹೋಗುತ್ತಿದ್ದರು. ಹಾಡು ಶುರುವಾಯಿತು, ಮುಗಿಯಿತು. ಯಾರೋ ನೀರು ಕೇಳಿದರು. ಬೇರೆ ಯಾರೋ ಎದ್ದು ಕೊಟ್ಟರು. ಮುಚ್ಚಳ ತರುವವರೆಗೂ ನಾನು ಜಡೆಯ ತುದಿಯನ್ನು ಬಿಡಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ.