ಕಾರಿನ ಹಿಂದಿನ ಲೈಟು

ಕೆ.ಆರ್. ಪುರದಲ್ಲಿ ಒಂದು ಆಟೋ ನನ್ನ ಹಳೆಯ ಕಾರಿಗೆ ಗುದ್ದಿ, ಹಿಂದಿನ ಲೈಟೊಂದನ್ನು ಒಡೆದು ಹೋಯಿತು. ಅಂಥ ಲೈಟು ಸಿಕ್ಕರೆ ಶಿವಾಜಿನಗರದ ಗುಜರಿಯಲ್ಲೇ ಸಿಗಬೇಕು. ಕುಕ್ ಟೌನಿನ ಗೆಳೆಯ ತಾನೂ ಬರುತ್ತೇನೆಂದ. ಆದರೆ ನನ್ನ ಡಬ್ಬದಲ್ಲಿ ಕೂತರೆ ಮರ್ಯಾದೆ ಹೋದೀತೆಂದು, ತನ್ನ ಹೊಚ್ಚ ಹೊಸ ಬಿಳಿ ಕಾರಿನಲ್ಲಿ ಹಿಂದೆ ಹಿಂದೆ ಬಂದ.

ಗುಜರಿಯಲ್ಲಿ ಬಾಯಿಮಾತು ನಡೆಯುವುದಿಲ್ಲ, ಒಡೆದ ಸಾಮಾನನ್ನೇ ತೋರಿಸಬೇಕು. ಹಾಗಾಗಿ ಕಾರನ್ನು ಗಲ್ಲಿಯ ಮೂಲೆಯಲ್ಲಿ ನಿಲ್ಲಿಸಿ, ಲೈಟು ಬಿಚ್ಚಿಕೊಂಡು ಅಂಗಡಿಗೆ ಹೋದೆ. ‘ಇಲ್ಲ’ ಎನ್ನುವುದು ಅಲ್ಲಿಯವರ ಜಾಯಮಾನದಲ್ಲೇ ಇಲ್ಲ. ಅಂಗಡಿಯವನು ನಮಗೆ ಟೀ ತರಿಸಿ, ತನ್ನ ತಮ್ಮನನ್ನು ಹುಡುಕಲು ಕಳಿಸಿದ.

ಟೀ ಮುಗಿಯುವ ಮೊದಲೇ ಆ ತಮ್ಮ ಓಡಿ ಬಂದ. “ಸಿಕ್ತು ಸರ್! ಮೂಲೇಲಿ ಸೇಮ್ ಗಾಡಿ ಬಿಚ್ಚೋಕೆ ಬಂದೈತೆ. ಒಂದು ಲೈಟು ಯಾರೋ ಆಗ್ಲೇ ಎತ್ಕೊಂಡು ಹೋಗವ್ರೆ, ಇನ್ನೊಂದೈತೆ. ಬೇಗ ಬನ್ನಿ!”

ಹೋಗಿ ನೋಡಿದರೆ ನನ್ನದೇ ಕಾರು. ಹಿರಿಯರೊಬ್ಬರು ಅದರ ಬಂಪರ್ ತಟ್ಟಿ ನೋಡುತ್ತಿದ್ದರು. ನಾನು ಮುಗ್ಧನಂತೆ, “ಹೇಗಿದೆ ಸರ್?” ಎಂದೆ.

“ಬಂಗಾರ ಕಣ್ರೀ! ಯಾವ ಅವಿವೇಕಿ ಇದನ್ನ ಗುಜರಿಗೆ ಹಾಕಿದ್ನೋ!”

ಗೆಳೆಯ ಬಿದ್ದು ಬಿದ್ದು ನಕ್ಕ. “ಮಗಾ, ನಿನ್ ಗಾಡಿ ಎಲ್ಲಿ ನಿಂತ್ರೂ ಗುಜರೀನೇ!” ಎನ್ನುತ್ತ, ರಸ್ತೆಯಾಚೆ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳಂತೆ ನಿಂತಿದ್ದ ಬಿಳಿ ಕಾರುಗಳತ್ತ ಹೋಗಿ, ಬಾಗಿಲೊಂದನ್ನು ಎಳೆದ. ಗಾಜು ಕೆಳಗಿಳಿಯಿತು. ಒಳಗೆ ಕೂತಿದ್ದ ಹೆಂಗಸು ಬೇಸರದಿಂದ ಹೇಳಿದರು:

“ಇದು ನಿಮ್ದಲ್ಲ ಸರ್. ಈಗಷ್ಟೇ ಇನ್ನೊಬ್ರಿಗೂ ಇದನ್ನೇ ಹೇಳಿ ಕಳಿಸಿದೀನಿ.”